ಒಂದೇ ಊರು, ಒಂದೇ ಆಸ್ಪತ್ರೆ, ಮಕ್ಕಳ ತೂಕ ಮಾತ್ರ ಯಾಕೆ ಬೇರೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಪಂಚಾಯತಿನಲ್ಲಿ ಅಂಗನವಾಡಿ ಟೀಚರ್. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಗುಡ್ಡೆ ಮೇಲಿನ ಕೊರಗ ಬುಡಕಟ್ಟಿನವರ ಮತ್ತು ದಲಿತರ ಮನೆಗಳ ಮಕ್ಕಳ ತೂಕ ಯಾವಾಗಲೂ ಕಮ್ಮಿ. ಹುಟ್ಟುವಾಗಲೇ ಕಮ್ಮಿ. ದೊಡ್ಡವರಲ್ಲೂ ಅರುವತ್ತು ದಾಟಿ ಗಟ್ಟಿಮುಟ್ಟಾಗಿ ಇರುವವರು ಅಪರೂಪ. ಎಲ್ಲರಿಗೂ ಅಂಗನವಾಡಿಯಿಂದ ಕೊಡುವ ಅದೇ ಅಮೃತಂ ಪೌಷ್ಟಿಕ ಪುಡಿ, ಅದೇ ಆಸ್ಪತ್ರೆ, ಅದೇ ರೇಷನ್. ಕೇಳಿದರೆ ಕೆಲವರು 'ಅವರ ವಂಶವೇ ಹಾಗೆ' ಅಂತಾರೆ, ಕೆಲವರು 'ಕುಡಿತ, ಎಲೆಯಡಿಕೆ' ಅಂತಾರೆ. ನನ್ನ ತಮ್ಮ ದುಬೈಯಲ್ಲಿ ನರ್ಸ್. ಅಮೆರಿಕದ ಕಪ್ಪು ಜನರ ಮಕ್ಕಳದ್ದೂ ಇದೇ ಕಥೆ, ಅದಕ್ಕೆ ಕಾರಣ ವರ್ಣಭೇದ ಅಂತ ಸಂಶೋಧನೆಯೇ ಇದೆ ಅಂತಾನೆ. ಭೇದ ಮಾಡಿದರೆ ಮನಸ್ಸಿಗೆ ನೋವಾಗುವುದು ಗೊತ್ತು. ಮಗುವಿನ ತೂಕ ಹೇಗೆ ಕಮ್ಮಿಯಾಗುತ್ತದೆ ಡಾಕ್ಟ್ರೇ? ನಮ್ಮಲ್ಲೂ ಅದೇ ಕಾರಣವೇ?

ಉತ್ತರ: ಟೀಚರೇ, ನಿಮ್ಮ ತಮ್ಮ ಹೇಳಿದ್ದು ಸರಿ. ಆದರೆ ಅದನ್ನು ನಮ್ಮ ಊರಿಗೆ ತರುವಾಗ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಮೊದಲು ಆ 'ವಂಶವೇ ಹಾಗೆ' ಎಂಬ ಮಾತನ್ನೇ ಹಿಡಿಯೋಣ. ಕುಡಿತದ ಮಾತಿಗಿಂತ ಇದು ಜಾಸ್ತಿ ಕೆಡುಕಿನ ಮಾತು. ವಂಶ ಅಂದುಬಿಟ್ಟರೆ ಯಾರೂ ಏನೂ ಮಾಡಬೇಕಾಗಿಲ್ಲ, ನೋಡಿ. ಪಂಚಾಯತಿಗೂ ಆರಾಮ, ನಮ್ಮಂಥ ಡಾಕ್ಟರುಗಳಿಗೂ ಆರಾಮ.

ಅಮೆರಿಕದಲ್ಲೂ ಬಹಳ ಕಾಲ ಇದೇ ಮಾತು ನಡೆಯುತ್ತಿತ್ತು. ಅಲ್ಲಿ ಕಪ್ಪು ತಾಯಂದಿರ ಶಿಶುಗಳು ವರ್ಷ ತುಂಬುವ ಮೊದಲೇ ಸಾಯುವ ಪ್ರಮಾಣ ಬಿಳಿಯರ ಎರಡು ಪಟ್ಟು. ಇವತ್ತಿಗೂ ಹಾಗೆಯೇ. ದಿನ ತುಂಬುವ ಮೊದಲೇ ಹೆರಿಗೆ, ಹುಟ್ಟುವಾಗಲೇ ತೂಕ ಕಮ್ಮಿ. ರಕ್ತದಲ್ಲೇ ಏನೋ ಇರಬೇಕು ಅಂತ ಎಷ್ಟೋ ಜನ ನಂಬಿದ್ದರು. ಶಿಕಾಗೋದ ಇಬ್ಬರು ಶಿಶುವೈದ್ಯರು, ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್, ಇದನ್ನು ಪರೀಕ್ಷೆ ಮಾಡುವ ಒಂದು ಒಳ್ಳೆಯ ದಾರಿ ಹುಡುಕಿದರು. ಇಲಿನಾಯ್ ರಾಜ್ಯದ ಜನನ ದಾಖಲೆ ತೆಗೆದು ಮೂರು ಗುಂಪಿನ ತಾಯಂದಿರನ್ನು ಹೋಲಿಸಿದರು. ಅಮೆರಿಕದಲ್ಲೇ ಹುಟ್ಟಿದ ಬಿಳಿಯರು, ಅಮೆರಿಕದಲ್ಲೇ ಹುಟ್ಟಿದ ಕಪ್ಪು ಹೆಂಗಸರು, ಆಫ್ರಿಕಾದಲ್ಲಿ ಹುಟ್ಟಿ ಆಮೇಲೆ ಅಮೆರಿಕಕ್ಕೆ ಬಂದ ಕಪ್ಪು ಹೆಂಗಸರು. ರಕ್ತವೇ ಕಾರಣವಾಗಿದ್ದರೆ ಮೂರನೆಯ ಗುಂಪಿನ ಮಕ್ಕಳ ತೂಕ ಎಲ್ಲರಿಗಿಂತ ಕಮ್ಮಿ ಇರಬೇಕಿತ್ತು, ಅಲ್ವಾ? ಇರಲಿಲ್ಲ. ಆಫ್ರಿಕಾದಿಂದ ಬಂದವರ ಮಕ್ಕಳ ತೂಕ ಬಿಳಿಯರ ಮಕ್ಕಳ ತೂಕಕ್ಕೇ ಹತ್ತಿರ ಇತ್ತು. ಇದು ಪ್ರಕಟವಾದದ್ದು 1997ರಲ್ಲಿ. ಆಮೇಲೆ ಅವರು ಇನ್ನೊಂದು ತಲೆಮಾರು ಮುಂದೆ ಹೋಗಿ ನೋಡಿದರು. ಹಾಗೆ ಬಂದವರಿಗೆ ಅಮೆರಿಕದಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಬೆಳೆದು ತಾಯಿಯಾದಾಗ ಅವರ ಶಿಶುಗಳ ತೂಕ ಇಳಿದಿತ್ತು. ಅದೇ ರಕ್ತ, ಅದೇ ಮನೆತನ. ಬದಲಾದದ್ದು ಹೆಣ್ಣುಮಗು ಬೆಳೆದ ನೆಲ.

ಹಾಗಾದರೆ 'ವಂಶದಲ್ಲಿ ಬರುತ್ತದೆ' ಅನ್ನುವುದು ಪೂರ್ತಿ ಸುಳ್ಳೇ ಅಂತ ಕೇಳಬಹುದು. ಒಂದು ಅರ್ಥದಲ್ಲಿ ಬರುತ್ತದೆ. ನಿಮ್ಮ ಗುಡ್ಡೆ ಮೇಲಿನ ತಾಯಂದಿರ ಎತ್ತರ ಒಮ್ಮೆ ಅಳೆದು ನೋಡಿ. ಹುಟ್ಟುವ ಮಗುವಿನ ತೂಕವನ್ನು ತೀರ್ಮಾನ ಮಾಡುವ ಸಂಗತಿಗಳಲ್ಲಿ ತಾಯಿಯ ಎತ್ತರ, ಬಸುರಿಗೆ ಮೊದಲಿನ ಅವಳ ತೂಕ, ರಕ್ತದ ಅಂಶ (ಹಿಮೋಗ್ಲೋಬಿನ್), ಹೆರಿಗೆಗಳ ನಡುವಿನ ಅಂತರ ಇವೇ ಮುಖ್ಯ. ಆ ತಾಯಿ ಗಿಡ್ಡ ಇರುವುದಕ್ಕೆ ಅವಳ ಮೊದಲ ಎರಡು ವರ್ಷದ ಊಟ ಮತ್ತು ಪದೇ ಪದೇ ಬಂದ ಭೇದಿ ಕಾರಣ. ಆ ಕಾಲದಲ್ಲಿ ಅವಳ ಅಮ್ಮನಿಗೆ ಹಾಲು ಸಾಲದಿರುವುದಕ್ಕೆ, ದುಡಿಮೆ ಬಿಡಲಾಗದಿರುವುದಕ್ಕೆ ಬೇರೆ ಕಾರಣ. ಹೀಗೆ ಮೂರು ತಲೆಮಾರಿನ ಹಸಿವು ಒಂದು ಮಗುವಿನ ತಕ್ಕಡಿಯಲ್ಲಿ ಕೂತಿರುತ್ತದೆ. ನೋಡುವವರಿಗೆ ಅದು ವಂಶದ ಹಾಗೆ ಕಾಣುತ್ತದೆ. ಎರಡು ತಲೆಮಾರು ಚೆನ್ನಾಗಿ ಉಂಡರೆ, ಅದೇ ವಂಶದವರು ಉದ್ದ ಬೆಳೆಯುತ್ತಾರೆ.

ಅದು ಶಿಶುವಿನಲ್ಲೇ ಮುಗಿಯುವುದೂ ಇಲ್ಲ. ನೀವು ದೊಡ್ಡವರ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ನಮ್ಮ ಮೈಸೂರಿನದೇ ಉದಾಹರಣೆ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಅನ್ನುತ್ತಾರಲ್ಲ ಅಲ್ಲಿ, 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕ ಹಿಡಿದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರನ್ನು ಹುಡುಕಿ, ಅವರ ಹೃದಯ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಮ್ಮಿ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡುಬಂತು. 1996ರಲ್ಲಿ ಇದು ಹೊರಬಂತು. ಗರ್ಭದಲ್ಲಿ ಊಟ ಸಾಲದ ದೇಹ ಇದ್ದುದರಲ್ಲಿ ಮೆದುಳನ್ನು ಉಳಿಸಿಕೊಳ್ಳುತ್ತದೆ. ಮೂತ್ರಪಿಂಡ, ಮೇದೋಜೀರಕ, ರಕ್ತನಾಳಗಳ ಬೆಳವಣಿಗೆಯಲ್ಲಿ ಕಡಿತ ಮಾಡುತ್ತದೆ. ಆ ಲೆಕ್ಕ ನಲುವತ್ತು ಐವತ್ತರ ವಯಸ್ಸಿನಲ್ಲಿ ಬಿಪಿ, ಶುಗರು, ಎದೆನೋವಾಗಿ ಬರುತ್ತದೆ. ಒಂದು ಆಸ್ಪತ್ರೆಯವರು ಶಿಸ್ತಿನಿಂದ ಬರೆದಿಟ್ಟ ಪುಸ್ತಕದಿಂದ ಇಷ್ಟು ಗೊತ್ತಾಯಿತು. ಆದ್ದರಿಂದ ನಿಮ್ಮ ತೂಕದ ರಿಜಿಸ್ಟರನ್ನು ಸುಮ್ನೆ ಮೇಲಿನವರಿಗೆ ತೋರಿಸುವ ಕಾಗದ ಅಂದುಕೊಳ್ಳಬೇಡಿ.

ಈಗ ಎರಡನೆಯ ಪ್ರಶ್ನೆ. ಇದೆಲ್ಲ ಬಡತನದ ಮಾತಾಯಿತು, ಜಾತಿ, ಬಣ್ಣ ಎಲ್ಲಿ ಬಂತು? ದುಡ್ಡು ಬಂದರೆ ಎಲ್ಲ ಸರಿಹೋಗುವುದಿಲ್ಲವೇ?

ಪೂರ್ತಿ ಸರಿಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ 1967ರಲ್ಲಿ ಸರ್ಕಾರಿ ನೌಕರರ ಮೇಲೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ವೈಟ್‌ಹಾಲ್ ಅಧ್ಯಯನ ಅಂತ ಅದರ ಹೆಸರು. ಮೈಕೆಲ್ ಮಾರ್ಮಟ್ ಆಮೇಲೆ ಅದರ ಫಲಿತಾಂಶಗಳನ್ನು ಜಗತ್ತಿಗೆಲ್ಲ ತಿಳಿಸಿದರು. ಅವರಲ್ಲಿ ಯಾರೂ ಉಪವಾಸ ಇದ್ದವರಲ್ಲ. ಎಲ್ಲರಿಗೂ ಖಾಯಂ ಕೆಲಸ, ಸಂಬಳ, ಪುಕ್ಕಟೆ ಆಸ್ಪತ್ರೆ. ಆದರೂ ಜವಾನರ ಮಟ್ಟದವರು ಸಾಯುವ ಪ್ರಮಾಣ ದೊಡ್ಡ ಅಧಿಕಾರಿಗಳ ಮೂರು ಪಟ್ಟಿನಷ್ಟಿತ್ತು. ಇದು ಬರೀ ಮೇಲಿನವರು ಕೆಳಗಿನವರು ಎಂಬ ಎರಡು ಗುಂಪಿನ ವ್ಯತ್ಯಾಸವೂ ಅಲ್ಲ. ಒಂದೊಂದು ಮೆಟ್ಟಿಲು ಕೆಳಗಿಳಿದ ಹಾಗೆ ಆಯುಸ್ಸು ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ಬೀಡಿ ಸಿಗರೇಟು, ಬಿಪಿ, ಕೊಬ್ಬು ಎಲ್ಲ ಲೆಕ್ಕ ಹಾಕಿ ತೆಗೆದರೂ ಆ ವ್ಯತ್ಯಾಸದ ಒಂದು ಭಾಗ ಮಾತ್ರ ಅಳಿಸಿಹೋಯಿತು.

ನಮ್ಮ ದೇಶದಲ್ಲೂ ಹೀಗೆ ಬಿಡಿಸಿ ನೋಡಿದ ಒಂದು ಲೆಕ್ಕ ಇದೆ. ಉತ್ತರಪ್ರದೇಶ, ಬಿಹಾರ, ಒಡಿಶಾ ಸೇರಿ 9 ರಾಜ್ಯಗಳ ಎರಡು ಕೋಟಿಗೂ ಜಾಸ್ತಿ ಜನರ ಮಾಹಿತಿ ಇಟ್ಟುಕೊಂಡು 2022ರಲ್ಲಿ ಪ್ರಕಟವಾದದ್ದು. ಮೇಲ್ಜಾತಿಯ ಹಿಂದೂಗಳಿಗೆ ಹೋಲಿಸಿದರೆ ಆದಿವಾಸಿಗಳ ನಿರೀಕ್ಷಿತ ಆಯುಸ್ಸು 4 ವರ್ಷಕ್ಕೂ ಜಾಸ್ತಿ ಕಮ್ಮಿ. ದಲಿತರದು 3 ವರ್ಷಕ್ಕೂ ಜಾಸ್ತಿ ಕಮ್ಮಿ. ಮುಸ್ಲಿಮರದು ಸುಮಾರು 1 ವರ್ಷ ಕಮ್ಮಿ. ಆಸ್ತಿಪಾಸ್ತಿಯ ವ್ಯತ್ಯಾಸ ಇದರಲ್ಲಿ ಅರ್ಧವನ್ನೂ ವಿವರಿಸುವುದಿಲ್ಲ. ಕೇರಳ ಆ 9ರಲ್ಲಿ ಇಲ್ಲ. ಹಾಗಂತ ನಾವು ಬೀಗಬೇಕಾಗಿಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನು ನಿಮ್ಮ ಅಸಲಿ ಪ್ರಶ್ನೆ. ಮನಸ್ಸಿನ ನೋವು ಗರ್ಭಕ್ಕೆ ಹೇಗೆ ಇಳಿಯುತ್ತದೆ?

2008ರ ಮೇ ತಿಂಗಳಲ್ಲಿ ಅಮೆರಿಕದ ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನ ಮಾಂಸದ ಫ್ಯಾಕ್ಟರಿಗೆ ಅಧಿಕಾರಿಗಳು ಮುತ್ತಿಗೆ ಹಾಕಿದರು. ಕಾಗದಪತ್ರ ಇಲ್ಲದ ಸುಮಾರು 400 ಕೆಲಸಗಾರರನ್ನು ಹಿಡಿದುಕೊಂಡು ಹೋದರು. ಹೆಚ್ಚಿನವರು ಮಧ್ಯ ಅಮೆರಿಕದಿಂದ ಬಂದವರು. ಆಮೇಲೆ ಆ ರಾಜ್ಯದ ಜನನ ದಾಖಲೆ ನೋಡಿದಾಗ, ಲ್ಯಾಟಿನೋ ತಾಯಂದಿರಿಗೆ ಕಮ್ಮಿ ತೂಕದ ಮಗು ಹುಟ್ಟುವ ಸಾಧ್ಯತೆ ಹಿಂದಿನ ವರ್ಷದ ಅದೇ ಸಮಯಕ್ಕಿಂತ 24% ಜಾಸ್ತಿಯಾಗಿತ್ತು. ಅಮೆರಿಕದಲ್ಲೇ ಹುಟ್ಟಿದ, ಹಿಡಿಯುವ ಹೆದರಿಕೆಯೇ ಇಲ್ಲದ ಲ್ಯಾಟಿನೋ ತಾಯಂದಿರಲ್ಲೂ ಹಾಗೇ ಆಯಿತು. ಅದೇ ರಾಜ್ಯದ ಬಿಳಿ ತಾಯಂದಿರಲ್ಲಿ ಏನೂ ಬದಲಾಗಲಿಲ್ಲ. ಅಂದರೆ ಹಿಡಿದದ್ದು ಯಾರನ್ನೋ. ಆದರೆ ಅವರ ಹಾಗೆ ಕಾಣುವ, ಅವರ ಹಾಗೆ ಹೆಸರಿರುವ ಪ್ರತಿ ಹೆಂಗಸಿನ ಎದೆಗೂ ಪೆಟ್ಟು ಬಿತ್ತು.

ದೇಹದ ಒಳಗೆ ನಡೆಯುವುದು ಇಷ್ಟು. ಹೆದರಿಕೆ, ಅವಮಾನ ಆದಾಗ ಕಾರ್ಟಿಸೋಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆಬಡಿತ ಜೋರಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಹಾವು ಕಂಡರೆ ಓಡಲು ಇದು ಬೇಕೇ ಬೇಕು. ಹಾವು ಹೋದ ಮೇಲೆ ಇಳಿಯುತ್ತದೆ. ದಿನಾ ಒಂದಲ್ಲ ಒಂದು ಕಡೆ ತಲೆತಗ್ಗಿಸಿ ನಿಲ್ಲಬೇಕಾದವರಿಗೆ ಇದು ಪೂರ್ತಿ ಇಳಿಯುವುದೇ ಇಲ್ಲ. ವರ್ಷಗಟ್ಟಲೆ ಹಾಗಿದ್ದರೆ ರಕ್ತನಾಳ ಸವೆಯುತ್ತದೆ, ಸೋಂಕು ತಡೆಯುವ ಶಕ್ತಿ ಕೆಡುತ್ತದೆ, ಬಸುರಿಯಲ್ಲಿ ಹೆರಿಗೆ ನೋವು ಬೇಗ ಶುರುವಾಗುತ್ತದೆ. ಆರ್ಲೀನ್ ಜೆರೊನಿಮಸ್ ಎಂಬ ಸಂಶೋಧಕಿ 1992ರಲ್ಲಿ ಇದರ ಒಂದು ವಿಚಿತ್ರ ಮುಖ ತೋರಿಸಿದರು. ಬಿಳಿ ಹೆಂಗಸರಲ್ಲಿ ಇಪ್ಪತ್ತರ ಆಮೇಲೆ ಹೆತ್ತ ಶಿಶುಗಳು ಹದಿಹರೆಯದಲ್ಲಿ ಹೆತ್ತವುಗಳಿಗಿಂತ ಚೆನ್ನಾಗಿ ಬದುಕುತ್ತವೆ. ನಾವು ಕ್ಲಾಸಿನಲ್ಲಿ ಹೇಳುವುದೂ ಅದನ್ನೇ. ಅಮೆರಿಕದ ಕಪ್ಪು ಹೆಂಗಸರಲ್ಲಿ ಅದು ತಿರುವುಮುರುವಾಗಿತ್ತು. ವಯಸ್ಸು ಇಪ್ಪತ್ತರ ಕೊನೆಗೆ ಬರುವಷ್ಟರಲ್ಲಿ ಅವರ ಮೈ ಅಷ್ಟು ಸವೆದಿರುತ್ತಿತ್ತು.

ಇಲ್ಲಿ ಒಂದು ಮಾತು. ಈ ಹಾರ್ಮೋನಿನ ಕಥೆ ಕೇಳಲು ಚೆನ್ನಾಗಿದೆ ಅಂತ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ನನಗೆ ಇಷ್ಟ ಇಲ್ಲ. ಹಾಗೆ ಮಾಡಿದರೆ ಕೌನ್ಸೆಲಿಂಗ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಮ್ಮ ಕಡೆಯಲ್ಲಿ ಭೇದ ಹೆಚ್ಚಾಗಿ ನೀರು, ದಾರಿ, ಕೂಲಿ ಇವುಗಳ ಮೂಲಕವೇ ದೇಹಕ್ಕೆ ಇಳಿಯುತ್ತದೆ.

ನಿಮ್ಮ ಊರಿನ ನಕ್ಷೆಯನ್ನೇ ನೋಡಿ. ಕಾಸರಗೋಡಿನ ಊರುಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ. ಕೆಳಗೆ ತೋಡು, ತೋಡಿನ ಬದಿಗೆ ಅಡಿಕೆ ತೋಟ, ತೋಟದ ಅಂಚಿಗೆ ಬಾವಿ, ಕೆರೆ, ಗುಡ್ಡೆಯ ಬುಡಕ್ಕೆ ನೀರಿಗಾಗಿ ಅಡ್ಡ ಕೊರೆದ ಸುರಂಗ. ಮೇಲೆ ಮುರಕಲ್ಲಿನ ಪಾರೆ. ಅಲ್ಲಿ ಮಣ್ಣು ಇಲ್ಲ, ನೀರು ನಿಲ್ಲುವುದಿಲ್ಲ. ಯಾರಿಗೂ ಬೇಡದ ಆ ಜಾಗದಲ್ಲೇ ಕೊರಗರಿಗೆ, ದಲಿತರಿಗೆ ಸೈಟು ಸಿಕ್ಕಿದ್ದು. ಮಾರ್ಚ್ ಬಂತೆಂದರೆ ಕೊಡಪಾನ ಹಿಡಿದು ಇಳಿಯಬೇಕು. ಏಳು ತಿಂಗಳ ಬಸುರಿ ಹತ್ತು ಹನ್ನೆರಡು ಲೀಟರಿನ ಕೊಡಪಾನ ಸೊಂಟಕ್ಕಿಟ್ಟು ಗುಡ್ಡೆ ಹತ್ತುವುದನ್ನು ನೀವು ನೋಡಿಯೇ ಇರುತ್ತೀರಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ನಡುವೆ ತೋಟದಲ್ಲಿ ಅಡಿಕೆ ಹೆಕ್ಕುವ ಕೆಲಸ, ಇಲ್ಲವಾದರೆ ಕೂತು ಬೀಡಿ ಕಟ್ಟುವುದು. ಕೆಲವು ಕಡೆ ಈಗ ಪೈಪ್ ಬಂದಿದೆ, ಆದರೆ ಏರಿನ ಮನೆಗೆ ಪ್ರೆಶರ್ ಸಾಲುವುದಿಲ್ಲ. ನೀರು ಹೊತ್ತು ತರಬೇಕಾದ ಮನೆಯಲ್ಲಿ ಕೈ ತೊಳೆಯಲು, ಪಾತ್ರೆ ತೊಳೆಯಲು ನೀರಿನ ಉಳಿತಾಯ ಶುರುವಾಗುತ್ತದೆ. ಮಗುವಿಗೆ ಭೇದಿ ಬರುತ್ತದೆ. ನೀವು ಕೊಟ್ಟ ಅಮೃತಂ ಪುಡಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಅಮೃತಂ ಪುಡಿ ಒಳ್ಳೆಯದೇ. ಅದರ ಸೂತ್ರ ತಯಾರಾದದ್ದು ನಮ್ಮ ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯಲ್ಲಿ, ಹೆಮ್ಮೆ ಪಡಬೇಕು. ಅದನ್ನು ತಯಾರಿಸುವುದು ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು. ಆದರೆ ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ ಅಂತ ಕೊಟ್ಟ ಪ್ಯಾಕೆಟನ್ನು ಮನೆಯ ನಾಲ್ಕು ಮಕ್ಕಳೂ ಹಂಚಿಕೊಂಡು ತಿಂದರೆ, ತಾಯಿ ತಪ್ಪು ಮಾಡಿದಳು ಅಂತ ನಾನು ಹೇಳಲಾರೆ. ಎಲ್ಲರಿಗೂ ಅದೇ ಪುಡಿ ಅಂತ ನೀವು ಬರೆದಿರಿ. ಪುಡಿ ಅದೇ, ಆದರೆ ಅದು ಹೋಗಿ ಸೇರುವ ಅಡುಗೆಮನೆ ಒಂದೇ ಅಲ್ಲ.

ಕೊರಗರ ವಿಷಯದಲ್ಲಿ ಇನ್ನೊಂದು ಸಂಗತಿ ಹೇಳಲೇಬೇಕು. ಕೇರಳದಲ್ಲಿ ಅವರು ಇರುವುದು ಹೆಚ್ಚು ಕಡಿಮೆ ನಮ್ಮ ಜಿಲ್ಲೆಯಲ್ಲಿ ಮಾತ್ರ. 2011ರ ಜನಗಣತಿಯಲ್ಲಿ ಸುಮಾರು ಒಂದೂವರೆ ಸಾವಿರ ಜನ. ಗಡಿ ದಾಟಿದರೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಜಾಸ್ತಿ. ಅಜಲು ಪದ್ಧತಿಯ ಬಗ್ಗೆ ನಿಮ್ಮ ಅಜ್ಜಿಯಂದಿರು ಹೇಳಿರಬಹುದು. ಕಾಯಿಲೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ನಮ್ಮ ರೋಗ, ನಮ್ಮ ಅರಿಷ್ಟ ಅವರಿಗೆ ಹೋಗಲಿ ಅಂತ. ಕರ್ನಾಟಕ 2000ನೇ ಇಸವಿಯಲ್ಲಿ ಕಾನೂನು ಮಾಡಿ ಇದನ್ನು ನಿಷೇಧಿಸಿತು. ಅಷ್ಟು ಇತ್ತೀಚೆಗೆ! ಒಂದು ಸಮಾಜ ತನ್ನ ಕಾಯಿಲೆಯನ್ನು ಬೇರೆಯವರ ಮೈಮೇಲೆ ಹಾಕಲು ಪದ್ಧತಿಯನ್ನೇ ಮಾಡಿಕೊಂಡಿತ್ತು ಅಂದಮೇಲೆ, ಸಾಮಾಜಿಕ ಅಸಮಾನತೆಗೂ ಆರೋಗ್ಯಕ್ಕೂ ಏನು ಸಂಬಂಧ ಅಂತ ಬೇರೆ ಪುಸ್ತಕ ಓದಬೇಕಾಗಿಲ್ಲ.

ಪದ್ಧತಿ ಹೋಯಿತು, ಆದರೆ ಹೊರೆ ಹಾಕುವ ಚಾಳಿ ಬೇರೆ ರೂಪದಲ್ಲಿ ಉಳಿಯಿತು. ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಥೆ ನೋಡಿ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದರು. ಗೇರು ಇದ್ದದ್ದು ಗುಡ್ಡೆಯ ಮೇಲೆ, ಇಳಿಜಾರಿನಲ್ಲಿ. ಆ ಮಳೆನೀರು ಇಳಿಯುವುದು ತೋಡಿಗೆ, ಸುರಂಗಕ್ಕೆ. ಎಣ್ಮಕಜೆಯ ಪಡ್ರೆಯಲ್ಲಿ ಹುಟ್ಟಿದ ಕರುಗಳ ಕಾಲು ಸೊಟ್ಟ ಅಂತ ಪತ್ರಕರ್ತ ಶ್ರೀ ಪಡ್ರೆ 1980ರ ಆಸುಪಾಸಿನಲ್ಲೇ ಬರೆದರು. ಅಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದ ಡಾ. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಮಾದರಿ ಸರಿ ಇಲ್ಲ ಅಂತ ಹೇಳುತ್ತಾ ಬಂದರು. ಪೆರಿಯದಲ್ಲಿದ್ದ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ದೇಶದಲ್ಲೆಲ್ಲ ಅದನ್ನು ತಡೆಯಲು ಸುಪ್ರೀಂ ಕೋರ್ಟಿನ ಆದೇಶ ಬಂದದ್ದು 2011ರ ಮೇಯಲ್ಲಿ. 2017ರ ಜನವರಿಯಲ್ಲಿ ಅದೇ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಅಂದಿತು. ಐದು ವರ್ಷ ಕಳೆದು 2022ರಲ್ಲಿ ನೋಡುವಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಆಮೇಲೆ ಕೋರ್ಟು ಗದರಿದ ಮೇಲೆ ವಿತರಣೆ ಚುರುಕಾಯಿತು.

ಯಾವ ಕಾಯಿಲೆ ಎಷ್ಟು ಮಟ್ಟಿಗೆ ಆ ವಿಷದಿಂದಲೇ ಬಂತು ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ಇದೆ. ಅದು ಇರಲಿ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಜನವಸತಿಯ ಮೇಲೆ ಹೆಲಿಕಾಪ್ಟರ್ ಹಾರಿಸುವ ಧೈರ್ಯ ಬಂದದ್ದು ಹೇಗೆ? ತಿರುವನಂತಪುರದ ಬಡಾವಣೆಯ ಮೇಲೆ ಯಾರೂ ಹಾರಿಸುತ್ತಿರಲಿಲ್ಲ. ಕೆಳಗೆ ಇದ್ದವರು ತೋಟದ ಕೂಲಿಗಳು, ದಲಿತರು, ಬುಡಕಟ್ಟಿನವರು, ಸಣ್ಣ ಹಿಡುವಳಿಯವರು. ಜೊತೆಗೆ ರಾಜ್ಯದ ತುತ್ತತುದಿಯ, ಬೇರೆ ಭಾಷೆಯವರು. ತೊಂದರೆ ಆಗಿದೆ ಅಂತ ಸಾಬೀತು ಮಾಡುವ ಹೊರೆಯೂ ಅವರ ಮೇಲೇ ಬಿತ್ತು. ಅಮೆರಿಕದಲ್ಲಿ ಕಪ್ಪು ಜನರ ಕೇರಿಗಳ ಪಕ್ಕಕ್ಕೇ ಕಾರ್ಖಾನೆ, ಕಸದ ಗುಂಡಿ, ಹೆದ್ದಾರಿ ಬಂದ ಕಥೆಗೂ ಇದಕ್ಕೂ ಭಾರೀ ವ್ಯತ್ಯಾಸ ಇಲ್ಲ.

ತುತ್ತತುದಿ ಅಂದೆನಲ್ಲ, ಅದು ಒಂದು ಬೇರೆಯೇ ಕಾಯಿಲೆ. 1956ಕ್ಕೆ ಮೊದಲು ನಾವು ಮದ್ರಾಸಿನ ಕೊನೆಯ ಮೂಲೆ. ಆಮೇಲೆ ಕೇರಳದ ಕೊನೆಯ ಮೂಲೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಮೊದಲ ಹತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಎಂಬಿಬಿಎಸ್ ವಿದ್ಯಾರ್ಥಿ ಅಲ್ಲಿಗೆ ಬರಲಿಲ್ಲ. ದೊಡ್ಡ ಕಾಯಿಲೆಗೆ ಮಂಜೇಶ್ವರ, ಕುಂಬಳೆಯವರಿಗೆ ಮಂಗಳೂರೇ ಗತಿ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಅದರ ಅರ್ಥ ಎಲ್ಲರಿಗೂ ಗೊತ್ತಾಯಿತು. ಡಯಾಲಿಸಿಸಿನವರು, ಹೃದಯದ ಕಾಯಿಲೆಯವರು, ಬಸುರಿಯರು ದಾರಿಯಲ್ಲಿ ಸಿಕ್ಕಿಬಿದ್ದರು. ಹತ್ತಕ್ಕೂ ಹೆಚ್ಚು ಸಾವು ವರದಿಯಾಯಿತು. ಕೊರೋನಾಕ್ಕಿಂತ ಗಡಿಯೇ ಜಾಸ್ತಿ ಜನರನ್ನು ಕೊಂದ ದಿನಗಳು ಅವು, ನಮ್ಮ ಜಿಲ್ಲೆಯ ಮಟ್ಟಿಗೆ.

ಆಸ್ಪತ್ರೆ ಹತ್ತಿರವೇ ಇದ್ದರೂ ಕೌಂಟರಿನ ಎದುರು ನಡೆಯುವುದನ್ನು ಗಮನಿಸಿದ್ದೀರಾ? ತುಳು ಮಾತ್ರ ಬರುವ ಅಜ್ಜಿ. ಮಲಯಾಳದಲ್ಲಿ ಕೇಳುವ, ತೆಂಕು ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದ ನರ್ಸು. ಇಂಗ್ಲಿಷಿನಲ್ಲಿ ಬರೆದ ಚೀಟಿ. ಆ ನರ್ಸು ಕೆಟ್ಟವಳಲ್ಲ, ದಿನಕ್ಕೆ ಇನ್ನೂರು ಜನರನ್ನು ನೋಡಬೇಕು ಅವಳಿಗೆ. ಆದರೆ ಎರಡನೇ ಸಲ ಕೇಳಿದಾಗ ಅವಳ ದನಿ ಏರುತ್ತದೆ, ಅಜ್ಜಿ ತಲೆ ಆಡಿಸಿ ಹೊರಗೆ ಬರುತ್ತಾಳೆ. ಬಿಪಿ ಮಾತ್ರೆಯನ್ನು ತಲೆನೋವು ಬಂದ ದಿನ ಮಾತ್ರ ನುಂಗುತ್ತಾಳೆ. ಮುಂದಿನ ತಿಂಗಳು ಬರುವುದಿಲ್ಲ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಎದುರು 'ಚಿಕಿತ್ಸೆ ಬಿಟ್ಟವರು' ಅಂತ ಬೀಳುತ್ತದೆ. ಸರ್ಕಾರದ ವೈದ್ಯಕೀಯ ವಿಮೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ನಿಜ. ಆದರೆ ಜೊತೆಗೆ ಬಂದ ಮಗನ ಒಂದು ದಿನದ ಕೂಲಿ, ಜೀಪಿನ ಬಾಡಿಗೆ ಯಾವ ವಿಮೆಯಲ್ಲೂ ಬರುವುದಿಲ್ಲ.

ಯಾರೂ ಕೆಟ್ಟದು ಮಾಡಬೇಕು ಅಂತ ಹೊರಡದೆಯೂ ಭೇದ ಹೇಗೆ ನಡೆಯುತ್ತದೆ ಎಂಬುದಕ್ಕೆ ನಿಮ್ಮ ತಮ್ಮನಿಗೆ ಗೊತ್ತಿರುವ ಒಂದು ಸಾಮಾನು ಸಾಕ್ಷಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಕೊರೋನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಚೀಲದಲ್ಲೂ ಇತ್ತಲ್ಲ. ಅದು ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುತ್ತದೆ. ತಿಳಿಬಣ್ಣದ ಚರ್ಮದವರ ಮೇಲೇ ಹೆಚ್ಚಾಗಿ ಪರೀಕ್ಷೆ ಮಾಡಿ ತಯಾರಿಸಿದ್ದು. 2020ರಲ್ಲಿ ಅಮೆರಿಕದಲ್ಲಿ ರಕ್ತ ತೆಗೆದು ಹೋಲಿಸಿ ನೋಡಿದಾಗ, ಆಕ್ಸಿಜನ್ ಇಳಿದಿದ್ದರೂ ಸರಿ ಇದೆ ಅಂತ ತೋರಿಸುವ ತಪ್ಪು ಕಪ್ಪು ರೋಗಿಗಳಲ್ಲಿ ಬಿಳಿಯರ ಸುಮಾರು ಮೂರು ಪಟ್ಟು ಇತ್ತು. ಯಂತ್ರಕ್ಕೆ ಜಾತಿ ಇಲ್ಲ, ದ್ವೇಷ ಇಲ್ಲ. ತಯಾರಿಸುವಾಗ ಯಾರ ಬೆರಳು ಎದುರಿಗಿತ್ತು ಅನ್ನುವುದಷ್ಟೇ. ನಮ್ಮ ಎಷ್ಟೋ ಸರ್ಕಾರಿ ಯೋಜನೆಗಳದ್ದೂ ಅದೇ ಹಾಡು.

ಕುಡಿತ, ಎಲೆಯಡಿಕೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಿಂದ ಹಾನಿ ಇದೆ. ಹೊಗೆಸೊಪ್ಪಿನಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ, ಬಸುರಿ ತಿಂದರೆ ಮಗುವಿನ ತೂಕವೂ ಇಳಿಯುತ್ತದೆ. ಬಿಡಿಸಬೇಕು. ಆದರೆ ತೋಟದ ಧಣಿಗಳ ಮನೆಯಲ್ಲೂ ಎಲೆ ತಟ್ಟೆ ಇದೆ, ಬಾಟಲಿಯೂ ಇದೆ. ಅವರ ಮೊಮ್ಮಕ್ಕಳ ತೂಕ ಸರಿಯಾಗಿಯೇ ಇದೆ. ಬುಟ್ಟಿ ಹೆಣೆದು ಬದುಕುತ್ತಿದ್ದ ಕೊರಗರ ಬುಟ್ಟಿಯನ್ನು ಪ್ಲಾಸ್ಟಿಕ್ ನುಂಗಿತು, ಕಾಡಿನ ಬಳ್ಳಿ ಸಿಗುವುದು ಕಷ್ಟವಾಯಿತು. ಸಂಜೆ ಆತ ಕುಡಿಯುವುದನ್ನು ಮಾತ್ರ ಲೆಕ್ಕ ಇಡುವುದು ನ್ಯಾಯ ಅಲ್ಲ.

ಕೇರಳದ ಬಗ್ಗೆ ಹೇಳುತ್ತೇನೆ ಅಂದಿದ್ದೆ. 2020ರ ಲೆಕ್ಕದಲ್ಲಿ ದೇಶದ ಶಿಶುಮರಣ ಸಾವಿರಕ್ಕೆ 28, ಕೇರಳದ್ದು 6. ಇದು ಸಣ್ಣ ಸಾಧನೆ ಅಲ್ಲ. ಇದು ಬಂದದ್ದು ಆಸ್ಪತ್ರೆ ಕಟ್ಟಿದ್ದರಿಂದ ಮಾತ್ರವೂ ಅಲ್ಲ. ಕೇರಳದ ತೆಂಕಿನಲ್ಲಿ ಅಯ್ಯಂಕಾಳಿ ದಲಿತ ಮಕ್ಕಳನ್ನು ಶಾಲೆಗೆ ಸೇರಿಸಲು ಹೋರಾಡಿದರು. ನಮ್ಮದೇ ಕಾಸರಗೋಡಿನ ಕುದ್ಮುಲಿನಲ್ಲಿ ಹುಟ್ಟಿದ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರ ತಿಂದರು. ಓದಿದ ತಾಯಿಯ ಮಗು ಬದುಕುತ್ತದೆ, ಇದು ಎಲ್ಲ ದೇಶಗಳಲ್ಲೂ ಮತ್ತೆ ಮತ್ತೆ ಕಂಡ ಸತ್ಯ. ಶಾಲೆಯ ಬಾಗಿಲು ತೆರೆಸಿದವರನ್ನೂ ನಾನು ಆರೋಗ್ಯ ಇಲಾಖೆಯ ಲೆಕ್ಕಕ್ಕೇ ಸೇರಿಸುತ್ತೇನೆ. ಆದರೆ ಸರಾಸರಿ ಎಂಬುದು ಮೋಸಗಾರ. 2013ರಲ್ಲಿ ಪಾಲಕ್ಕಾಡ್ ಜಿಲ್ಲೆಯ ಅಟ್ಟಪ್ಪಾಡಿಯ ಆದಿವಾಸಿ ಶಿಶುಗಳು ಸಾಲಾಗಿ ಸತ್ತಾಗಲೂ ರಾಜ್ಯದ ಸರಾಸರಿ ಚೆನ್ನಾಗಿಯೇ ಇತ್ತು. ನಿಮ್ಮ ಅಂಗನವಾಡಿಯ ಸರಾಸರಿ ತೂಕವೂ ಬಹುಶಃ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಮೇಲಧಿಕಾರಿಗಳಿಗೆ ಗುಡ್ಡೆಯ ಮನೆಗಳು ಕಾಣುವುದಿಲ್ಲ.

ಹಾಗಾಗಿ ನೀವು ಮಾಡಬಹುದಾದ ಕೆಲಸ ಅಲ್ಲಿಂದಲೇ ಶುರು. ರಿಜಿಸ್ಟರಿನಲ್ಲಿರುವ ಮಕ್ಕಳನ್ನು ಎರಡು ಪಟ್ಟಿ ಮಾಡಿ. ಗುಡ್ಡೆಯ ಮೇಲಿನವರು, ಕೆಳಗಿನವರು. ಜಾತಿ ಬರೆಯಬೇಡಿ, ಮನೆ ಇರುವ ಜಾಗ ಸಾಕು, ಯಾರಿಗೂ ಮುಜುಗರ ಆಗುವುದಿಲ್ಲ. ಪ್ರತಿ ಮಗುವಿನ ಎದುರು ಹುಟ್ಟಿದಾಗಿನ ತೂಕ, ತಾಯಿಯ ಎತ್ತರ, ಹಿಂದಿನ ಹೆರಿಗೆಗೆ ಎಷ್ಟು ಅಂತರ, ಬಸುರಿಯಲ್ಲಿ ಎಷ್ಟನೇ ತಿಂಗಳಿಗೆ ಹೆಸರು ಬರೆಸಿದಳು, ಬೇಸಗೆಯಲ್ಲಿ ನೀರು ಎಲ್ಲಿಂದ ಅಂತ ಬರೆಯಿರಿ. ಮೊದಲ ನಾಲ್ಕು ನಿಮ್ಮ ಸಬ್‌ಸೆಂಟರಿನ ಆರೋಗ್ಯ ನರ್ಸ್ (ಜೆ.ಪಿ.ಎಚ್.ಎನ್.) ಹತ್ತಿರ ಸಿಗುತ್ತವೆ. ತಾಯಿಯ ಎತ್ತರ ಇಲ್ಲದಿದ್ದರೆ ನೀವೇ ಅಳೆಯಿರಿ, ಗೋಡೆಗೆ ಟೇಪ್ ಅಂಟಿಸಿದರೆ ಆಯಿತು.

ಆ ಹಾಳೆಯನ್ನು ವಾರ್ಡ್ ಮೆಂಬರಿಗೂ ಬುಡಕಟ್ಟಿನವರ ಕೆಲಸಕ್ಕೆ ಅಂತ ಇರುವ ಎಸ್.ಟಿ. ಪ್ರಮೋಟರಿಗೂ ಕೊಡಿ. ಪಂಚಾಯತಿನ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಅಂತಲೇ ಬೇರೆ ಹಣ ಇರುತ್ತದೆ. ಯೋಜನೆ ಬರೆಯುವ ಹೊತ್ತಿಗೆ ಕೇಳಿದರೆ ಮಾತ್ರ ಅದು ನೀರಿನ ಟ್ಯಾಂಕಿಗೆ, ಮೋಟಾರಿಗೆ ಬರುತ್ತದೆ. ಇಲ್ಲವಾದರೆ ಇನ್ನೊಂದು ಕಾಂಕ್ರೀಟ್ ರಸ್ತೆಗೆ ಹೋಗುತ್ತದೆ. ನಾನು ಕೇಳುವುದಾದರೆ ಪೌಷ್ಟಿಕಾಂಶ ಶಿಬಿರಕ್ಕಿಂತ ಮೊದಲು ಗುಡ್ಡೆಯ ತುದಿಗೆ ಟ್ಯಾಂಕ್ ಕೇಳುತ್ತೇನೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡದವರಿಗೆ ಕನ್ನಡದಲ್ಲೇ ಸರ್ಕಾರದೊಂದಿಗೆ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಆಸ್ಪತ್ರೆಯಲ್ಲಿ ತುಳು, ಕನ್ನಡ ಬಲ್ಲ ಒಬ್ಬರು ಕೌಂಟರಿನಲ್ಲಿ ಇರಬೇಕು ಎಂಬುದನ್ನೂ ಅದೇ ಅರ್ಜಿಗೆ ಸೇರಿಸಿ.

ಇನ್ನೊಂದು, ತೂಕದ ದಿನದ ಬಗ್ಗೆ. ಗುಡ್ಡೆಯ ತಾಯಂದಿರು ಬರುವುದಿಲ್ಲ ಅಂತ ದೂರು ಇದ್ದೇ ಇರುತ್ತದೆ. ಬಂದವಳಿಗೆ ಎಲ್ಲರೆದುರು 'ಮಗುವಿಗೆ ಏನೂ ಕೊಡುವುದಿಲ್ವಾ?' ಅಂತ ಕೇಳಿದ್ದರೆ ಮುಂದಿನ ತಿಂಗಳು ಅವಳು ಬರುವುದಿಲ್ಲ, ನಾನಾದರೂ ಬರುತ್ತಿರಲಿಲ್ಲ. ಅವರಿಗೆ ಕೂಲಿ ಇಲ್ಲದ ದಿನ ಯಾವುದು ಅಂತ ಕೇಳಿ, ಆ ದಿನ ತಕ್ಕಡಿಯನ್ನೇ ಮೇಲೆ ಒಯ್ಯಿರಿ. ನೇತುಹಾಕುವ ತಕ್ಕಡಿಯಾದರೆ ಮಾಡಿನ ಜಂತಿಗೆ ಕಟ್ಟಿದರೂ ನಡೆಯುತ್ತದೆ. ಎರಡು ಪಟ್ಟಿ ತಯಾರಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ಮಕ್ಕಳ ಹೆಸರು ತೆಗೆದುಬಿಡಿ, ಕ್ರಮಸಂಖ್ಯೆ ಇದ್ದರೆ ಸಾಕು. ಎರಡು ಕಿಲೋಗಿಂತ ಕಮ್ಮಿ ಹುಟ್ಟಿದ ಮಕ್ಕಳ ಸಾಲುಗಳಿಗೆ ಮಾತ್ರ ಒಂದು ಗುರುತು ಹಾಕಿ, ಅವರ ತಾಯಂದಿರ ಬಿಪಿ ಮತ್ತು ರಕ್ತದ ಅಂಶ ಮೊದಲು ನೋಡಿಸಬೇಕು.